ಅವಲಾನ್ 7–8 ಜನಕ್ಕೆ: ಎಲೆ ಹೇಗೆ ಜೋಡಿಸಬೇಕು, ಮರ್ಲಿನ್ ಪ್ರತಿ ಸಲ ಯಾಕೆ ಸಿಕ್ಕಿಬೀಳ್ತಾನೆ?

ಕವಡೆಕಾಯಿ

ಆಟ ‘ದಿ ರೆಸಿಸ್ಟೆನ್ಸ್: ಅವಲಾನ್’. ಗೊತ್ತಿಲ್ಲದವರಿಗೆ: ಇದು ಗುಟ್ಟಿನ ಪಾತ್ರಗಳ ಆಟ. ಪ್ರತಿ ಕ್ವೆಸ್ಟ್‌ಗೆ (ಸುತ್ತಿಗೆ) ಲೀಡರ್ ಒಂದು ತಂಡ ಹೇಳುತ್ತಾರೆ, ಎಲ್ಲರೂ ಮತ ಹಾಕುತ್ತಾರೆ, ತಂಡ ಒಪ್ಪಿಗೆಯಾದರೆ ಅದರಲ್ಲಿರುವವರು ಗುಟ್ಟಾಗಿ ಜಯದ ಅಥವಾ ಸೋಲಿನ ಎಲೆ ಹಾಕುತ್ತಾರೆ. ಮರ್ಲಿನ್ ಅಂದರೆ ಕೆಟ್ಟವರು ಯಾರೆಂದು ಬಲ್ಲ ಒಳ್ಳೆಯವರು, ಹಂತಕ ಅಂದರೆ ಕೊನೆಗೆ ಮರ್ಲಿನ್ ಯಾರೆಂದು ಊಹಿಸುವ ಕೆಟ್ಟವರು. ಆಡುವವರು 7 ಜನ, ಕೆಲವು ವಾರ 8. ಪೆಟ್ಟಿಗೆ ಇಲ್ಲ, ಎರಡು ಕಟ್ಟು ಇಸ್ಪೀಟೆಲೆ ಇದೆ. ಮೂರು ವಿಷಯ ಗೊತ್ತಾಗಬೇಕು. ಯಾವ ಎಲೆಯನ್ನು ಯಾವುದಕ್ಕೆ ಬಳಸುವುದು? 7 ಜನಕ್ಕೆ ಯಾವ ಪಾತ್ರಗಳು ಸರಿ? ಒಳ್ಳೆಯವರು ಮೂರು ಕ್ವೆಸ್ಟ್ ಗೆದ್ದಾಗಲೂ ಹಂತಕ ಕೊನೆಗೆ ಮರ್ಲಿನ್ ಹೆಸರನ್ನೇ ಹೇಳಿ ಆಟ ಕಸಿದುಕೊಳ್ಳುವುದು ಮಾಮೂಲಾಗಿದೆ. ಅದು ಮರ್ಲಿನ್ ಆದವರ ತಪ್ಪಾ, ಬೇರೆ ಏನಾದರೂ ಇದೆಯಾ?

ಏಳನೇ ಕುರ್ಚಿ

ಮೊದಲು ಲೆಕ್ಕ. ಒಂದು ರಟ್ಟಿನ ಮೇಲೆ ಬರೆದು ಮೇಜಿನ ನಡುವೆ ಇಟ್ಟುಬಿಡಿ. ‘ಈಗ ಎಷ್ಟು ಜನ ಹೋಗಬೇಕು’ ಅನ್ನುವ ಗೊಂದಲ ಅಲ್ಲಿಗೇ ಮುಗಿಯುತ್ತೆ.

5 ಜನ: ಒಳ್ಳೆಯವರು 3, ಕೆಟ್ಟವರು 2. ಐದು ಕ್ವೆಸ್ಟ್‌ಗಳ ತಂಡ 2, 3, 2, 3, 3.
6 ಜನ: 4 ಮತ್ತು 2. ತಂಡ 2, 3, 4, 3, 4.
7 ಜನ: 4 ಮತ್ತು 3. ತಂಡ 2, 3, 3, 4, 4.
8 ಜನ: 5 ಮತ್ತು 3. ತಂಡ 3, 4, 4, 5, 5.
9 ಜನಕ್ಕೆ 6 ಮತ್ತು 3, 10 ಜನಕ್ಕೆ 6 ಮತ್ತು 4. ತಂಡದ ಗಾತ್ರ 8 ಜನದ್ದೇ.

7 ಅಥವಾ ಹೆಚ್ಚು ಜನ ಇದ್ದರೆ ನಾಲ್ಕನೇ ಕ್ವೆಸ್ಟ್ ಸೋಲುವುದಕ್ಕೆ ಎರಡು ಸೋಲಿನ ಎಲೆ ಬೀಳಬೇಕು. ಉಳಿದ ಎಲ್ಲಕ್ಕೂ ಒಂದೇ ಸಾಕು. ಮತ ಸಮ ಬಂದರೆ ತಂಡ ಬಿದ್ದ ಹಾಗೆ. ಒಂದೇ ಕ್ವೆಸ್ಟ್‌ಗೆ ಸತತ ಐದು ತಂಡ ಬಿದ್ದರೆ ಆಟವೇ ಕೆಟ್ಟವರಿಗೆ ಹೋಗುತ್ತೆ.

ಎಲೆಗಳ ವಿಷಯ. ಒಂದನೇ ಕಟ್ಟಿನ ಆಟೀನ್ ಮತ್ತು ಇಸ್ಪೀಟ್ ಪಾತ್ರಗಳಿಗೆ. ಆಟೀನ್ ರಾಜ ಮರ್ಲಿನ್, ಆಟೀನ್ ಗುಲಾಮ ಪರ್ಸಿವಲ್, ಆಟೀನ್‌ನ ಸಣ್ಣ ಎಲೆಗಳು ಸಾದಾ ಒಳ್ಳೆಯವರು. ಇಸ್ಪೀಟ್ ರಾಣಿ ಮಾರ್ಗಾನಾ, ಇಸ್ಪೀಟ್ ರಾಜ ಮಾರ್ಡ್ರೆಡ್, ಇಸ್ಪೀಟ್ ಎಕ್ಕ ಹಂತಕ, ಇಸ್ಪೀಟ್ ಗುಲಾಮ ಓಬೆರಾನ್, ಸಣ್ಣ ಇಸ್ಪೀಟ್ ಸಾದಾ ಕೆಟ್ಟವರು. ಅದೇ ಕಟ್ಟಿನ ಡೈಮಂಡ್ ‘ಒಪ್ಪಿಗೆ’ ಮತ, ಕಳಾವರ್ ‘ಬೇಡ’ ಮತ, ಪ್ರತಿಯೊಬ್ಬರಿಗೂ ಒಂದೊಂದು. ಬೆನ್ನಿನ ಬಣ್ಣ ಬೇರೆ ಇರುವ ಎರಡನೇ ಕಟ್ಟಿನಿಂದ 5 ಕೆಂಪು, 5 ಕಪ್ಪು ಎಲೆ ಕ್ವೆಸ್ಟ್‌ಗೆ. ಅತಿ ದೊಡ್ಡ ತಂಡವೇ 5 ಜನರದ್ದು, ಆದ್ದರಿಂದ 10 ಎಲೆ ಯಾವತ್ತೂ ಸಾಲುತ್ತೆ.

ರಟ್ಟು ಕತ್ತರಿ

ಪಾತ್ರಕ್ಕೂ ಮತಕ್ಕೂ ಇಸ್ಪೀಟೆಲೆ ಸರಿ. ಕ್ವೆಸ್ಟ್‌ಗೆ ಮಾತ್ರ ದಯವಿಟ್ಟು ಬಳಸಬೇಡಿ. ಅಲ್ಲೊಂದು ದೊಡ್ಡ ತೂತಿದೆ.

ಮೂವರು ಕ್ವೆಸ್ಟ್‌ಗೆ ಹೋದರು, ಎರಡು ಕೆಂಪು ಮತ್ತು ಕಪ್ಪು 9 ಬಿತ್ತು ಅಂದುಕೊಳ್ಳಿ. ತಂಡದಲ್ಲಿದ್ದ ಒಬ್ಬರು ‘ನನಗೆ ಬಂದಿದ್ದು ಕಪ್ಪು 4, ಬಳಸದ ಎಲೆಗಳ ರಾಶಿಯಲ್ಲಿ ನೋಡಿ’ ಅಂದರೆ ಅವರ ಪ್ರಾಮಾಣಿಕತೆ ಅಲ್ಲೇ ಸಾಬೀತು. ಕೆಟ್ಟವರಿಗೆ ಸುಳ್ಳು ಹೇಳಲು ಜಾಗವೇ ಉಳಿಯಲ್ಲ. ರಾಶಿ ತೆರೆಯಬಾರದು ಅಂತ ನಿಯಮ ಮಾಡಿದರೂ ‘ಬಿದ್ದ 9 ನನ್ನದಲ್ಲ’, ‘ನನ್ನದೂ ಅಲ್ಲ’ ಅನ್ನುವ ವಾದ ಶುರುವಾಗುತ್ತೆ, ಆಟ ಸಂಖ್ಯೆಗಳ ಸುತ್ತ ತಿರುಗುತ್ತೆ. ಐದು ಗೆಲುವಿನ ಎಲೆ ಒಂದಕ್ಕೊಂದು ಪಡಿಯಚ್ಚಾಗಿರಬೇಕು, ಐದು ಸೋಲಿನ ಎಲೆಯೂ ಹಾಗೇ.

ಮಾಡುವ ಕ್ರಮ: ಒಂದೇ ಕಂತಿನಲ್ಲಿ ಅಚ್ಚಾದ, ಒಂದು ಬದಿ ಖಾಲಿ ಇರುವ 10 ಹಳೆಯ ವಿಸಿಟಿಂಗ್ ಕಾರ್ಡ್ ತಗೊಳ್ಳಿ. ಖಾಲಿ ಬದಿಯಲ್ಲಿ 5ಕ್ಕೆ ‘ಜಯ’, 5ಕ್ಕೆ ‘ಸೋಲು’ ಅಂತ ಒಂದೇ ಪೆನ್ನಿನಲ್ಲಿ ಬರೆಯಿರಿ. ಮಾರ್ಕರ್ ಬೇಡ, ಶಾಯಿ ಹಿಂದಕ್ಕೆ ಇಳಿಯುತ್ತೆ. ಬಾಲ್ ಪೆನ್ನನ್ನು ಒತ್ತಿ ಬರೆದರೆ ಆ ಬದಿಯಲ್ಲಿ ಉಬ್ಬು ಏಳುತ್ತೆ. ಜೆಲ್ ಪೆನ್ನಿನಲ್ಲಿ ಹಗುರವಾಗಿ ಬರೆದು 10 ನಿಮಿಷ ಒಣಗಿಸಿ. ಆಮೇಲೆ ಹತ್ತನ್ನೂ ಬೋರಲು ಹರಡಿ ಟ್ಯೂಬ್‌ಲೈಟ್ ಕೆಳಗೆ ಒಮ್ಮೆ ನೋಡಿ, ಒಂದೊಂದನ್ನೂ ಬೆಳಕಿಗೆ ಎತ್ತಿ ಹಿಡಿದೂ ನೋಡಿ. ಯಾವುದು ಏನು ಅಂತ ಹಿಂಬದಿಯಿಂದ ಹೇಳಲು ಬಂದರೆ ಆ ಎಲೆ ಬದಲಿಸಿ. ಸೋಲಿನ ಎಲೆ ಕೈಯಲ್ಲಿ ಹೆಚ್ಚು ಓಡಾಡುವುದಿಲ್ಲ, ಜಯದ ಎಲೆ ಓಡಾಡುತ್ತೆ. ಹಾಗಾಗಿ ಮೂಲೆ ಸವೆಯುವುದು ಜಯದ್ದು ಮೊದಲು. ಹೊಸ ಸೆಟ್ ಮಾಡುವಾಗ ಹತ್ತನ್ನೂ ಒಟ್ಟಿಗೇ ಬದಲಿಸಿ, ಬರೀ ಸವೆದದ್ದನ್ನಲ್ಲ.

ಏಳನೇ ಕುರ್ಚಿ

ಸರಿಯಾದ ಮಾತು, ತಿದ್ದಿಕೊಂಡೆ. ಕ್ವೆಸ್ಟ್ ಎಲೆ ಪಡಿಯಚ್ಚಾಗಿರಲೇಬೇಕು.

ಪಾತ್ರಗಳಿಗೆ ಬರುತ್ತೇನೆ. 7 ಜನಕ್ಕೆ ಶುರುವಿನಲ್ಲಿ ಮರ್ಲಿನ್, ಪರ್ಸಿವಲ್, ಇಬ್ಬರು ಸಾದಾ ಒಳ್ಳೆಯವರು; ಎದುರಿಗೆ ಮಾರ್ಗಾನಾ, ಹಂತಕ, ಒಬ್ಬ ಸಾದಾ ಕೆಟ್ಟವರು. ಮರ್ಲಿನ್‌ಗೆ ಕೆಟ್ಟವರು ಯಾರೆಂದು ಗೊತ್ತು. ಪರ್ಸಿವಲ್‌ಗೆ ಮರ್ಲಿನ್ ಮತ್ತು ಮಾರ್ಗಾನಾ ಇಬ್ಬರೂ ಕಾಣುತ್ತಾರೆ, ಯಾರು ಯಾವುದು ಅಂತ ಗೊತ್ತಾಗಲ್ಲ. ಒಳ್ಳೆಯವರು ಸರಾಗವಾಗಿ ಗೆಲ್ಲುತ್ತಿದ್ದರೆ ಸಾದಾ ಕೆಟ್ಟವರ ಜಾಗಕ್ಕೆ ಮಾರ್ಡ್ರೆಡ್ ಬರಲಿ, ಮರ್ಲಿನ್‌ಗೆ ಅವರು ಕಾಣಿಸುವುದಿಲ್ಲ. ಕೆಟ್ಟವರೇ ಗೆಲ್ಲುತ್ತಿದ್ದರೆ ಓಬೆರಾನ್ ಹಾಕಿ. ಓಬೆರಾನ್ ಕೆಟ್ಟವರೇ, ಆದರೆ ತನ್ನ ಕಡೆಯವರು ಯಾರೆಂದು ಅವರಿಗೂ ಗೊತ್ತಿಲ್ಲ, ಅವರ ವಿಷಯ ತನ್ನ ಕಡೆಯವರಿಗೂ ಗೊತ್ತಿಲ್ಲ. ಮರ್ಲಿನ್‌ಗೆ ಮಾತ್ರ ಕಾಣುತ್ತಾರೆ. 8 ಜನಕ್ಕೆ ಇನ್ನೊಬ್ಬ ಸಾದಾ ಒಳ್ಳೆಯವರನ್ನು ಸೇರಿಸಿದರೆ ಸಾಕು. 5 ಜನ ಇದ್ದಾಗ ಪರ್ಸಿವಲ್ ಇಟ್ಟರೆ ಮಾರ್ಗಾನಾ ಅಥವಾ ಮಾರ್ಡ್ರೆಡ್ ಇರಲೇಬೇಕು, ಇಲ್ಲದಿದ್ದರೆ ಒಳ್ಳೆಯವರ ಕೈ ತೀರಾ ಮೇಲಾಗುತ್ತೆ.

ಕವಡೆಕಾಯಿ

ಕಣ್ಣು ಮುಚ್ಚಿಸಿ ತೆರೆಸುವ ಭಾಗದಲ್ಲಿ ಪ್ರತಿ ಸಲ ಎಡವಟ್ಟಾಗುತ್ತೆ. ಒಬ್ಬರು ತಪ್ಪು ಹೊತ್ತಿಗೆ ಕಣ್ಣು ಬಿಟ್ಟರೆ ಎಲ್ಲ ಮೊದಲಿಂದ. ಕನ್ನಡದಲ್ಲಿ ಸ್ಪಷ್ಟವಾಗಿ ಹೇಳುವ ಸಾಲುಗಳು ಯಾರ ಬಳಿಯಾದರೂ ಇವೆಯಾ?

ದನಿ ಪೆಟ್ಟಿಗೆ

ಇಗೋ. ಮರ್ಲಿನ್, ಪರ್ಸಿವಲ್, ಮಾರ್ಗಾನಾ, ಮಾರ್ಡ್ರೆಡ್, ಓಬೆರಾನ್ ಯಾರೇ ಇದ್ದರೂ ನಡೆಯುತ್ತೆ. ಇಲ್ಲದವರ ಹೆಸರು ಬಿಟ್ಟುಬಿಡಿ.

‘ಎಲ್ಲರೂ ಕಣ್ಣು ಮುಚ್ಚಿ. ಒಂದು ಕೈ ಮುಷ್ಟಿ ಕಟ್ಟಿ ಮೇಜಿನ ಮೇಲೆ ಇಡಿ.
ಓಬೆರಾನ್ ಬಿಟ್ಟು ಉಳಿದ ಕೆಟ್ಟವರೆಲ್ಲ ಕಣ್ಣು ತೆರೆಯಿರಿ. ಒಬ್ಬರನ್ನೊಬ್ಬರು ನೋಡಿಕೊಳ್ಳಿ. (5 ಎಣಿಕೆ.) ಕಣ್ಣು ಮುಚ್ಚಿ.
ಈಗ ಎಲ್ಲರ ಕಣ್ಣೂ ಮುಚ್ಚಿದೆ. (3 ಎಣಿಕೆ.)
ಮಾರ್ಡ್ರೆಡ್ ಬಿಟ್ಟು ಉಳಿದ ಕೆಟ್ಟವರೆಲ್ಲ ಕಣ್ಣು ತೆರೆಯದೆ ಹೆಬ್ಬೆರಳು ಎತ್ತಿ. ಓಬೆರಾನ್ ಕೂಡ. ಮರ್ಲಿನ್, ಕಣ್ಣು ತೆರೆದು ನೋಡಿ. (5 ಎಣಿಕೆ.) ಮರ್ಲಿನ್, ಕಣ್ಣು ಮುಚ್ಚಿ. ಹೆಬ್ಬೆರಳು ಇಳಿಸಿ.
ಈಗ ಎಲ್ಲರ ಕಣ್ಣೂ ಮುಚ್ಚಿದೆ, ಎಲ್ಲರ ಕೈಯೂ ಮುಷ್ಟಿ. (3 ಎಣಿಕೆ.)
ಮರ್ಲಿನ್ ಮತ್ತು ಮಾರ್ಗಾನಾ, ಕಣ್ಣು ತೆರೆಯದೆ ಹೆಬ್ಬೆರಳು ಎತ್ತಿ. ಪರ್ಸಿವಲ್, ಕಣ್ಣು ತೆರೆದು ನೋಡಿ. (5 ಎಣಿಕೆ.) ಪರ್ಸಿವಲ್, ಕಣ್ಣು ಮುಚ್ಚಿ. ಹೆಬ್ಬೆರಳು ಇಳಿಸಿ.
(3 ಎಣಿಕೆ.) ಎಲ್ಲರೂ ಕಣ್ಣು ತೆರೆಯಿರಿ.’

ಎಡವಟ್ಟು ಆಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ‘ತೆರೆಯದೆ’ ಅನ್ನುವ ಪದ. ಅವಸರದಲ್ಲಿ ಓದಿದರೆ ‘ತೆರೆದು’ ಅಂತ ಕೇಳುತ್ತೆ, ಮಾರ್ಗಾನಾ ಕಣ್ಣು ಬಿಟ್ಟು ಮರ್ಲಿನ್‌ನನ್ನು ನೋಡಿಬಿಡುತ್ತಾರೆ. ಅಲ್ಲಿ ನಿಧಾನ, ‘ದೆ’ ಮೇಲೆ ಒತ್ತು. ಇನ್ನೊಂದು, ಓದುವವರೂ ಆಟದಲ್ಲಿರುವುದು. ಅವರು ಮರ್ಲಿನ್ ಆಗಿದ್ದರೆ ಕಣ್ಣು ತೆರೆದು ಸುತ್ತ ನೋಡುವಾಗ ದನಿಯ ದಿಕ್ಕು ಬದಲಾಗುತ್ತೆ, ಪಕ್ಕದವರಿಗೆ ತಿಳಿದುಹೋಗುತ್ತೆ. ಈ ಸಾಲುಗಳನ್ನು ಫೋನಿನಲ್ಲಿ ಮೊದಲೇ ರೆಕಾರ್ಡ್ ಮಾಡಿ ಮೇಜಿನ ನಡುವೆ ಇಟ್ಟು ಹಾಕಿ. ಪಾತ್ರಗಳ ಜೋಡಣೆ ಬದಲಾದರೆ ಅದಕ್ಕೊಂದು ಬೇರೆ ರೆಕಾರ್ಡಿಂಗ್.

ಬಳೆ, ಕಡಗ, ಲೋಹದ ಪಟ್ಟಿಯ ಗಡಿಯಾರ ಇರುವ ಕೈ ಬೇಡ, ಇನ್ನೊಂದು ಕೈ ಇಡಲಿ. ಹೆಬ್ಬೆರಳು ಮಾತ್ರ ಏಳಬೇಕು, ಮಣಿಕಟ್ಟು ಅಲುಗಬಾರದು. ಕತ್ತಲಂಥ ಮೌನದಲ್ಲಿ ಒಂದು ಬಳೆ ಸದ್ದು ಸಾಕು. ಫ್ಯಾನ್ ಜೋರಾಗಿ ತಿರುಗಲಿ.

ಹಸಿರು ಮೇಜು

ಕನ್ನಡದಲ್ಲಿ ಆಡುವಾಗ ಇನ್ನೊಂದು ಎಚ್ಚರ. ‘ಮರ್ಲಿನ್ ಸುಮ್ಮನೆ ಕೂತಿದ್ದಾಳೆ ನೋಡಿ’ ಅಂದರೆ ಮುಗಿಯಿತು, ಮರ್ಲಿನ್ ಹೆಂಗಸು ಅಂತ ನಿಮಗೆ ಗೊತ್ತಿದೆ ಎಂದು ಮೇಜಿಗೆಲ್ಲ ತಿಳಿಯಿತು. ನಮ್ಮ ಕ್ರಿಯಾಪದದಲ್ಲೇ ಗಂಡು ಹೆಣ್ಣು ಇರುವುದರಿಂದ ಪರ್ಸಿವಲ್ ಹೆಚ್ಚಾಗಿ ಜಾರುವುದು ಇಲ್ಲೇ. ಪಾತ್ರದ ಬಗ್ಗೆ ಮಾತಾಡುವಾಗ ಎಲ್ಲರೂ ‘ಅವರು’, ‘ಇದ್ದಾರೆ’ ಅಂತಲೇ ಆಡಿ. (ಕವಡೆಕಾಯಿ, ನಿಮ್ಮ ಶೀರ್ಷಿಕೆಯಲ್ಲೇ ‘ಸಿಕ್ಕಿಬೀಳ್ತಾನೆ’ ಇದೆ!)

ಜತೆಗೆ ಆಣೆ ನಿಷೇಧಿಸಿ. ‘ದೇವರಾಣೆ ನಾನು ಒಳ್ಳೆಯವನು’, ‘ಅಮ್ಮನ ಮೇಲಾಣೆ ಹಾಕು ನೋಡೋಣ’ ಎರಡೂ ಬೇಡ. ಸುಳ್ಳು ಆಣೆ ಹಾಕದವರು ಕೆಟ್ಟವರ ಪಾತ್ರ ಬಂದಾಗ ಬಾಯಿ ಕಟ್ಟಿ ಕೂರಬೇಕಾಗುತ್ತೆ. ಆಗ ಸಿಕ್ಕಿಬೀಳುವುದು ಅವರ ಆಟದಿಂದಲ್ಲ, ಅವರ ನಂಬಿಕೆಯಿಂದ. ಅದು ನ್ಯಾಯವಲ್ಲ. ಆಟದ ಮೊದಲೇ ಹೇಳಿಬಿಡಿ.

ಚೀಟಿ ಎಣಿಕೆ

ಈಗ ಮೂಲ ಪ್ರಶ್ನೆ, ಮರ್ಲಿನ್ ಯಾಕೆ ಸಿಗುತ್ತಾರೆ. ತಪ್ಪು ಬಹುತೇಕ ಮರ್ಲಿನ್‌ದಲ್ಲ. ಉಳಿದ ಒಳ್ಳೆಯವರು ಮತ ಹಾಕುವ ಅಭ್ಯಾಸದ್ದು.

7 ಕುರ್ಚಿಗೆ ಸಂಖ್ಯೆ ಕೊಡಿ. ಒಳ್ಳೆಯವರು 1, 2, 3, 5. ಕೆಟ್ಟವರು 4, 6, 7. ಮರ್ಲಿನ್ 3ರಲ್ಲಿ. ಮೊದಲ ಲೀಡರ್ 1, ತಂಡ ‘1 ಮತ್ತು 4’ ಅಂದರು. ‘ಮೊದಲ ಕ್ವೆಸ್ಟ್ ತಾನೇ, ಹೋಗಲಿ’ ಅಂತ 1, 2, 4, 5, 6, 7 ಒಪ್ಪಿದರು. 3 ಒಬ್ಬರೇ ಬೇಡ ಅಂದರು. ತಂಡ ಹೋಯಿತು, 4 ಜಾಣತನದಿಂದ ಜಯದ ಎಲೆ ಹಾಕಿದರು, ಕ್ವೆಸ್ಟ್ ಗೆದ್ದಿತು. ಆದರೆ ಹಂತಕ ಮನಸ್ಸಿನಲ್ಲಿ ಗೆರೆ ಎಳೆದಾಗಿದೆ: ಏನೂ ಗೊತ್ತಿರದ ಹೊತ್ತಿನಲ್ಲಿ ನಮ್ಮವರು ಇರುವ ತಂಡವನ್ನು 3 ಮಾತ್ರ ಯಾಕೆ ಬೇಡ ಅಂದರು? ಆಟದ ಕೊನೆಯ ತನಕ ಕಾಯುವುದಷ್ಟೇ ಬಾಕಿ.

ಅದೇ ತಂಡಕ್ಕೆ ಇನ್ನೊಂದು ಅಭ್ಯಾಸ ನೋಡಿ. ತಂಡದಲ್ಲಿ ಇಲ್ಲದ ಒಳ್ಳೆಯವರೆಲ್ಲ ‘ನಾನಿಲ್ಲದ ತಂಡದ ಬಗ್ಗೆ ನನಗೇನೂ ಗೊತ್ತಿಲ್ಲ, ಬೇಡ’ ಅನ್ನುತ್ತಾರೆ. 2, 3, 5 ಬೇಡ. ಗುಂಪಿನಲ್ಲಿ ಸೇರಿಕೊಳ್ಳಲು 6 ಕೂಡ ಬೇಡ. ಒಪ್ಪಿದವರು 1, 4, 7. ನಾಲ್ಕಕ್ಕೆ ಮೂರರಲ್ಲಿ ತಂಡ ಬಿತ್ತು. ಈಗ ಹಂತಕನ ಮುಂದೆ ಒಂದಲ್ಲ, ಮೂರು ಹೆಸರು. ಮರ್ಲಿನ್ ಏನೂ ಬದಲಿಸಲಿಲ್ಲ, ಸುತ್ತಲಿನವರು ಬದಲಿಸಿದರು.

ಕೆಟ್ಟವರಿಗೆ ತಮ್ಮವರು ಯಾರೆಂದು ಗೊತ್ತಿರುವಾಗ 7 ಜನರಲ್ಲಿ ಕಣ್ಣು ಮುಚ್ಚಿ ಊಹಿಸಿದರೂ ಮರ್ಲಿನ್ ಸಿಗುವುದು 4ರಲ್ಲಿ 1 ಸಲ. ಅದಕ್ಕಿಂತ ತುಂಬ ಹೆಚ್ಚು ಸಿಗುತ್ತಿದ್ದರೆ ಮತಗಳು ಮಾತಾಡುತ್ತಿವೆ ಅಂತ ಅರ್ಥ.

ನಡುಗಂಬ

ಇದಕ್ಕೊಂದು ಬೆಲೆಯೂ ಇದೆ, ಅದನ್ನು ಹೇಳದೆ ಬಿಡಬಾರದು. ಎಲ್ಲವನ್ನೂ ಬೇಡ ಅನ್ನುತ್ತಾ ಹೋದರೆ ಐದನೇ ಲೀಡರ್ ಹೇಳಿದ ತಂಡವನ್ನು ಒಪ್ಪಲೇಬೇಕು, ಬೇಡ ಅಂದರೆ ಆಟವೇ ಹೋಯಿತು. ಲೀಡರ್ ಜಾಗ ಪ್ರದಕ್ಷಿಣೆಯಾಗಿ ದಾಟುವುದರಿಂದ ಆ ಐದನೆಯವರು ಯಾರು ಅಂತ ಕ್ವೆಸ್ಟ್ ಶುರುವಾಗುವ ಮೊದಲೇ ಗೊತ್ತು: ಮೊದಲ ಲೀಡರ್‌ನನ್ನು 1 ಅಂತ ಎಣಿಸಿ ಐದನೇ ಕುರ್ಚಿ. ಅವರ ಮುಂದೆ ಒಂದು ಕವಡೆಯನ್ನೋ ಹುಣಸೆ ಬೀಜವನ್ನೋ ಇಡಿ. ಆ ಕುರ್ಚಿಯಲ್ಲಿ ಕೂತಿರುವವರು ಬೇರೆಯವರಾಗಿದ್ದರೆ, 7 ಜನರ ಆಟದಲ್ಲಿ ಒಳ್ಳೆಯವರ ದೃಷ್ಟಿಯಿಂದ ಅವರು ಕೆಟ್ಟವರಾಗಿರುವ ಸಾಧ್ಯತೆ 6ಕ್ಕೆ 3, ಅಂದರೆ ಅರ್ಧಕ್ಕರ್ಧ. ಎರಡು ಮೂರು ತಂಡ ಬೀಳಲಿ, ನಾಲ್ಕನೆಯದನ್ನು ಗಂಭೀರವಾಗಿ ತೂಗಿ ನೋಡಿ. ಮುಂದಿನ ಕ್ವೆಸ್ಟ್‌ಗೆ ಎಣಿಕೆ ಹೊಸದಾಗಿ ಶುರು, ಕವಡೆಯನ್ನೂ ಸರಿಸಿ.

ಐದನೇ ತಂಡಕ್ಕೆ ಮತ ಹಾಕುವಾಗ ಹೊಸಬರು ಅಭ್ಯಾಸಬಲದಿಂದ ‘ಬೇಡ’ ಎತ್ತುವುದುಂಟು. ‘ಇದು ಐದನೆಯದು’ ಅಂತ ಒಬ್ಬರು ಜೋರಾಗಿ ಹೇಳಿ.

ಏಳನೇ ಕುರ್ಚಿ

ಹೊಸಬರಿಗೆ ಇನ್ನೊಂದು ಗಟ್ಟಿ ಲೆಕ್ಕ. 7 ಜನರಲ್ಲಿ ಒಳ್ಳೆಯವರು 4. ನೀವು ಒಳ್ಳೆಯವರು, 4 ಜನರ ತಂಡದಲ್ಲಿ ನೀವಿಲ್ಲ ಅಂದರೆ ಉಳಿದ ಒಳ್ಳೆಯವರು ಮೂರೇ ಜನ, ನಾಲ್ಕನೆಯವರು ಕೆಟ್ಟವರು. ಬೇರೆ ದಾರಿಯೇ ಇಲ್ಲ. 5 ಜನರ ಆಟದಲ್ಲಿ 3 ಜನರ ತಂಡಕ್ಕೂ ಇದೇ, 6ರಲ್ಲಿ 4ಕ್ಕೂ, 8ರಲ್ಲಿ 5ಕ್ಕೂ ಇದೇ. ಐದನೇ ಸಲದ ಮತ ಬಿಟ್ಟರೆ, ಅಂಥ ತಂಡವನ್ನು ಹೊರಗೆ ಕೂತು ಒಪ್ಪಿದವರು ಒಂದೋ ಕೆಟ್ಟವರು, ಇಲ್ಲ ಲೆಕ್ಕ ಮಾಡಿಲ್ಲ.

ಚೀಟಿ ಎಣಿಕೆ

7 ಮತ್ತು 8ರಲ್ಲಿ ನಾಲ್ಕನೇ ಕ್ವೆಸ್ಟ್‌ಗೆ ಇದನ್ನು ಹಾಗೇ ಹಾಕಬೇಡಿ. ಅಲ್ಲಿ ಸೋಲಲು ಎರಡು ಎಲೆ ಬೇಕು, ಒಬ್ಬ ಕೆಟ್ಟವರು ಒಳಗಿದ್ದರೂ ತಂಡ ಗೆಲ್ಲುತ್ತೆ. ಹೊರಗಿನವರ ಒಪ್ಪಿಗೆ ಅಲ್ಲಿ ಅನುಮಾನಕ್ಕೆ ಕಾರಣವಲ್ಲ. ಐದನೇ ಕ್ವೆಸ್ಟ್‌ನಲ್ಲಿ ಮಾತ್ರ ಆ ಲೆಕ್ಕ ಪೂರ್ತಿ ನಿಲ್ಲುತ್ತೆ. 9 ಮತ್ತು 10 ಜನರಲ್ಲಿ ಒಳ್ಳೆಯವರು 6, ಅತಿ ದೊಡ್ಡ ತಂಡ 5. ಅಲ್ಲಿ ನೀವಿಲ್ಲದೆಯೂ ಪೂರ್ತಿ ಒಳ್ಳೆಯ ತಂಡ ಸಾಧ್ಯ.

ಏಳನೇ ಕುರ್ಚಿ

ಹೌದು, ನಾಲ್ಕನೆಯದನ್ನು ಬಿಟ್ಟು ಅಂತ ಬರೆಯಬೇಕಿತ್ತು.

ಎಳೆ ಚೌಕಾಬಾರ

ಹೊಸಬರ ಪ್ರಶ್ನೆ. ಇದು ಚೀಟಿ ಬರೆದು ಆಡುವ ರಾಜ-ರಾಣಿ-ಕಳ್ಳ-ಪೊಲೀಸ್ ತರಹದ್ದೇನಾ? ಮಾಫಿಯಾ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಸಿರು ಮೇಜು

ಗುಟ್ಟಿನ ಪಾತ್ರ ಅನ್ನುವಷ್ಟು ಮಾತ್ರ ಒಂದೇ. ಕಳ್ಳ-ಪೊಲೀಸ್‌ನಲ್ಲಿ ಪೊಲೀಸ್ ಮುಖ ನೋಡಿ ಒಂದು ಸಲ ಊಹಿಸಬೇಕು, ಬೇರೆ ಸುಳಿವೇ ಇಲ್ಲ. ಮಾಫಿಯಾವನ್ನು 1980ರ ದಶಕದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ದಿಮಿತ್ರಿ ದವಿದೋವ್ ರೂಪಿಸಿದರು. ಅದರಲ್ಲಿ ಸುತ್ತಿಗೊಬ್ಬರು ಆಟದಿಂದ ಹೊರಗೆ ಬೀಳುತ್ತಾರೆ, ಮೊದಲು ಬಿದ್ದವರು ಅರ್ಧ ಗಂಟೆ ಗೋಡೆ ನೋಡುತ್ತಾ ಕೂರಬೇಕು. ಡಾನ್ ಎಸ್ಕ್ರಿಜ್ ಅವರ ‘ದಿ ರೆಸಿಸ್ಟೆನ್ಸ್’ 2009ರಲ್ಲಿ ಬಂತು, ಮರ್ಲಿನ್ ಇರುವ ‘ಅವಲಾನ್’ 2012ರಲ್ಲಿ. ಇದರಲ್ಲಿ ಯಾರೂ ಹೊರಗೆ ಹೋಗುವುದಿಲ್ಲ, ಪ್ರತಿ ಮತವೂ ಎಲ್ಲರ ಕಣ್ಣೆದುರು ತೆರೆದುಕೊಳ್ಳುತ್ತೆ. ಮನೆಮಂದಿಯೆಲ್ಲ ಕೂತು ಆಡಲು ಇದೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ರಟ್ಟು ಕತ್ತರಿ

ಕ್ವೆಸ್ಟ್ ಎಲೆ ಹಾಕುವ ಕ್ಷಣದಲ್ಲೂ ಗುಟ್ಟು ಸೋರುತ್ತೆ. ಒಳ್ಳೆಯವರು ಜಯದ ಎಲೆಯನ್ನೇ ಹಾಕಬೇಕು, ಅವರಿಗೆ ಆಯ್ಕೆ ಇಲ್ಲ. ಹಾಗಾಗಿ ಥಟ್ಟನೆ ಹಾಕಿಬಿಡುತ್ತಾರೆ. ಕೆಟ್ಟವರು ಯೋಚಿಸುತ್ತಾರೆ. ಆ ಎರಡು ಸೆಕೆಂಡಿನ ವ್ಯತ್ಯಾಸವೇ ಸಾಕು. ಎರಡೂ ಎಲೆ ಕೈಗೆ ಬಂದ ಮೇಲೆ ಮೇಜಿನ ಕೆಳಗೆ ಹಿಡಿದು ಹಿಂದೆ ಮುಂದೆ ಮಾಡಿ, ಲೀಡರ್ 5 ಎಣಿಸಲಿ, ಐದಕ್ಕೆ ಎಲ್ಲರೂ ಒಟ್ಟಿಗೆ ಒಂದು ಎಲೆ ಮುಂದಿಡಲಿ. ಲೀಡರ್ ಅವನ್ನು ಬೋರಲಾಗಿಯೇ ಕಲಸಿ ಆಮೇಲೆ ತೆರೆಯಬೇಕು. ಬಳಸದ ಎಲೆಗಳು ಬೇರೆ ರಾಶಿಗೆ, ಅದನ್ನೂ ಕೂಡಲೇ ಕಲಸಿ. ಬಳಸದ ಎಲೆಯನ್ನು ಕೈಯಲ್ಲೇ ಹಿಡಿದು ವಾದಕ್ಕಿಳಿಯುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಪಕ್ಕದವರು ಓರೆಗಣ್ಣಲ್ಲಿ ನೋಡಿದರೆ ಆ ಆಟ ಅಲ್ಲಿಗೇ ಕೆಟ್ಟಿತು.

ಇಬ್ಬರು ಕೆಟ್ಟವರು ಒಂದೇ ತಂಡದಲ್ಲಿದ್ದು ಇಬ್ಬರೂ ಸೋಲು ಹಾಕಿದರೆ ತಂಡದಲ್ಲಿ ಇಬ್ಬರು ಕೆಟ್ಟವರಿದ್ದಾರೆ ಅನ್ನುವುದು ಬಯಲು. ಲೀಡರ್‌ನಿಂದ ಪ್ರದಕ್ಷಿಣೆಯಾಗಿ ಎಣಿಸಿದಾಗ ಮೊದಲು ಸಿಗುವ ಕೆಟ್ಟವರು ಸೋಲು ಹಾಕುವುದು, ಇನ್ನೊಬ್ಬರು ಜಯ ಹಾಕುವುದು ಅನ್ನುವ ರೂಢಿಯನ್ನು ಆಟಕ್ಕೆ ಮೊದಲೇ ಎಲ್ಲರಿಗೂ ಹೇಳಿಕೊಡಿ. ನಾಲ್ಕನೇ ಕ್ವೆಸ್ಟ್‌ಗೆ ಮಾತ್ರ ಇಬ್ಬರೂ ಹಾಕಬೇಕು.

ಕವಡೆಕಾಯಿ

ತುಂಬ ಸಹಾಯವಾಯಿತು. ಉಳಿದದ್ದು ಒಂದು. ಮೂರು ಕ್ವೆಸ್ಟ್ ಗೆದ್ದ ಕೂಡಲೇ ಒಳ್ಳೆಯವರಲ್ಲಿ ಕೆಲವರು ಪಾತ್ರದ ಎಲೆ ತಿರುಗಿಸಿ, ಆಮೇಲೆ ಹಂತಕ ಊಹಿಸುವುದು ನಡೆದುಬಂದಿದೆ. ಅದು ಸರಿಯಾ?

ಚೀಟಿ ಎಣಿಕೆ

ಸರಿಯಲ್ಲ. ಮರ್ಲಿನ್ ಸಿಗುವುದಕ್ಕೆ ಇದೂ ಕಾರಣ ಇರಬಹುದು. ಒಳ್ಳೆಯವರು ಒಬ್ಬರೂ ಎಲೆ ತಿರುಗಿಸಬಾರದು. ಪರ್ಸಿವಲ್ ಎಲೆ ತೋರಿಸಿದ ಕೂಡಲೇ ನಾಲ್ಕು ಹೆಸರು ಮೂರಕ್ಕೆ ಇಳಿಯುತ್ತೆ, ಇನ್ನೊಬ್ಬರು ತೋರಿಸಿದರೆ ಎರಡಕ್ಕೆ. ಎಲ್ಲ ಎಲೆಯೂ ಬೋರಲು ಇರುವಾಗಲೇ ಕೆಟ್ಟವರು ಬಾಯಿಬಿಟ್ಟು ಚರ್ಚೆ ಮಾಡಬಹುದು, ಹೆಸರು ಹೇಳುವ ಕೊನೆಯ ಹಕ್ಕು ಹಂತಕನದ್ದು. ಆ ಚರ್ಚೆ ನಡೆಯುವಾಗ ಒಳ್ಳೆಯವರು ನಗಬಾರದು, ತಲೆಯಾಡಿಸಬಾರದು, ಮರ್ಲಿನ್ ಕಡೆ ನೋಡಬಾರದು. ಪರ್ಸಿವಲ್ ಆಟದುದ್ದಕ್ಕೂ ತಾನೇ ಎಲ್ಲ ಬಲ್ಲವರ ಹಾಗೆ ಗಟ್ಟಿಯಾಗಿ ಮಾತಾಡಿದ್ದರೆ ಕತ್ತಿ ಅವರ ಮೇಲೆ ಬೀಳುತ್ತೆ, ಅದಕ್ಕೇ ಆ ಪಾತ್ರ ಇರುವುದು.

ನಡುಗಂಬ

7 ಅಥವಾ ಹೆಚ್ಚು ಜನ ಇದ್ದರೆ ‘ಸರೋವರದ ರಾಣಿ’ (ಲೇಡಿ ಆಫ್ ದ ಲೇಕ್) ಅನ್ನುವ ಬಿಲ್ಲೆ ಸೇರಿಸಿ ನೋಡಿ. ಎರಡು, ಮೂರು, ನಾಲ್ಕನೇ ಕ್ವೆಸ್ಟ್ ಮುಗಿದ ಮೇಲೆ ಅದನ್ನು ಹಿಡಿದವರು ಒಬ್ಬರ ಕಡೆ ಯಾವುದು ಅಂತ ಗುಟ್ಟಾಗಿ ನೋಡಬಹುದು, ಆಮೇಲೆ ಬಿಲ್ಲೆ ಅವರಿಗೆ ಹೋಗುತ್ತೆ. ಮೊದಲು ಅದು ಮೊದಲ ಲೀಡರ್‌ನ ಬಲಗಡೆಯವರ ಹತ್ತಿರ ಇರಲಿ. ಒಮ್ಮೆ ಬಿಲ್ಲೆ ಹಿಡಿದವರನ್ನು ಮತ್ತೆ ಪರೀಕ್ಷಿಸುವಂತಿಲ್ಲ. ಪರೀಕ್ಷಿಸಿದವರು ಕಂಡದ್ದನ್ನು ಹೇಳಬಹುದು, ಸುಳ್ಳೂ ಹೇಳಬಹುದು.

ಇಸ್ಪೀಟೆಲೆಯಲ್ಲಿ ಆಡುವವರು ಇಲ್ಲಿ ಪಾತ್ರದ ಎಲೆಯನ್ನೇ ತೋರಿಸಿಬಿಡುತ್ತಾರೆ, ಮರ್ಲಿನ್ ಆಗಿದ್ದರೆ ಗುಟ್ಟೇ ಹೋಯಿತು. ಎರಡನೇ ಕಟ್ಟಿನಿಂದ ಒಂದು ಕೆಂಪು, ಒಂದು ಕಪ್ಪು ಎಲೆ ತೆಗೆದಿಡಿ. ಎರಡನ್ನೂ ಪರೀಕ್ಷೆಗೆ ಒಳಗಾಗುವವರ ಕೈಗೆ ಕೊಡಿ, ಅವರು ಮೇಜಿನ ಕೆಳಗೆ ತಮ್ಮ ಕಡೆಯ ಬಣ್ಣದ ಎಲೆಯನ್ನು ಮಾತ್ರ ವಾಪಸ್ ಕೊಡಲಿ. ಅದನ್ನು ನೋಡಿದ ಮೇಲೆ ಎರಡೂ ಎಲೆ ಬೋರಲಾಗಿ ಮೇಜಿನ ನಡುವೆ ಬರಲಿ, ಒಮ್ಮೆ ಕಲಸಿ ಪಕ್ಕಕ್ಕಿಡಿ.